ಬಾಂದಗಲ್ಲು ಹುಡುಕುವ ಗಡಿಯಾರ: ಜಿಪಿಎಸ್ ಹೇಗೆ ಕೆಲಸ ಮಾಡುತ್ತದೆ?

ಹೋದ ತಿಂಗಳು ತಿಕೋಟಾ ಕಡೆ ನಮ್ಮ ಕಾಕಾ ಒಬ್ಬರ ದ್ರಾಕ್ಷಿ ತೋಟದ ಅಳತೆ ಇತ್ತು. ಸರ್ವೆಯವರು ಸರಪಳಿ ತಂದಿರಲಿಲ್ಲ. ಆಳುದ್ದದ ಒಂದು ಕೋಲು, ಅದರ ತುದಿಗೆ ಅಣಬೆಯಂಥ ಬಿಳಿ ಡಬ್ಬಿ, ಕೈಯಲ್ಲಿ ಮೊಬೈಲಿನಂಥ ಒಂದು ಸಾಧನ. ಇದಕ್ಕೆ ರೋವರ್ ಅಂತಾರೆ. ಕೋಲನ್ನು ಬದುವಿನ ಮೂಲೆಗೆ ಊರುವುದು, ಸ್ವಲ್ಪ ಹೊತ್ತು ಅಲುಗದೆ ನಿಲ್ಲುವುದು, ಬಟನ್ ಒತ್ತಿ ಮುಂದಿನ ಮೂಲೆಗೆ ನಡೆಯುವುದು. ಕಾಕಾ ಇದನ್ನೆಲ್ಲ ನೋಡಿ ನೋಡಿ ನನ್ನನ್ನು ಕೇಳಿದರು: "ತಮ್ಮಾ, ಅದು ಮ್ಯಾಲಿಂದ ನಮ್ಮ ಬದು ನೋಡತದೇನು?"

"ಇಲ್ಲರೀ ಕಾಕಾ, ಅದು ಬರೇ ಟೈಮ್ ಹೇಳತದ."

"ಟೈಮ್ ಹೇಳಿದ್ರ ಜಾಗ ಹ್ಯಾಂಗ ತಿಳೀತದ?"

ಒಳ್ಳೆಯ ಪ್ರಶ್ನೆ. ಈಗ ಹೊಲದ ಅಳತೆ, ಲಾರಿಯ ಟ್ರ್ಯಾಕರ್, ಊಟ ತರುವ ಹುಡುಗನ ಮೊಬೈಲ್ ಎಲ್ಲವೂ ಜಿಪಿಎಸ್ ಮೇಲೆಯೇ, ಅಂದರೆ ಮೇಲೆ ಸುತ್ತುವ ಉಪಗ್ರಹಗಳು ಹೇಳುವ ಟೈಮಿನ ಮೇಲೆಯೇ ನಿಂತಿವೆ. ನಾನಂತೂ ಕೆಲವು ವರ್ಷಗಳಿಂದ ವಿಜಯಪುರದ ನಮ್ಮ ಮನೆ ಮಾಳಿಗೆ ಮೇಲೆ ಆಂಟೆನಾ ಹಾಕಿಕೊಂಡು ಈ ಉಪಗ್ರಹಗಳಿಂದ ಟೈಮ್ ಹಿಡಿಯುವ ಹವ್ಯಾಸಕ್ಕೆ ಬಿದ್ದಿದ್ದೇನೆ. ಹಾಗಾಗಿ ಬುಡದಿಂದ ಹೇಳುತ್ತೇನೆ.

ಉಪಗ್ರಹಕ್ಕೆ ನಾವು ಯಾರೂ ಗೊತ್ತಿಲ್ಲ

ಮೊಬೈಲಿನಲ್ಲಿ ಮ್ಯಾಪ್ ತೆರೆದಾಗ ಫೋನು ಉಪಗ್ರಹಕ್ಕೆ ಏನನ್ನೂ ಕಳಿಸುವುದಿಲ್ಲ. ಸುಮ್ನೆ ಕೇಳಿಸಿಕೊಳ್ಳುತ್ತದೆ. ನೀವು ರೇಡಿಯೊ ಹಚ್ಚಿದರೆ ಧಾರವಾಡ ಆಕಾಶವಾಣಿಗೆ ಗೊತ್ತಾಗುವುದಿಲ್ಲ ಅಲ್ವಾ, ಹಾಗೆಯೇ ಇದು. ಲಾರಿಗೆ ಹಾಕಿದ ಟ್ರ್ಯಾಕರ್ ಮಾಲೀಕರಿಗೆ ಜಾಗ ತಿಳಿಸುವುದು ನಿಜ. ಆದರೆ ಅದು ಒಳಗಿರುವ ಸಿಮ್ ಕಾರ್ಡಿನ ಕೆಲಸ, ಉಪಗ್ರಹದ್ದಲ್ಲ.

ಜಿಪಿಎಸ್ ಅಂದರೆ ಅಮೆರಿಕದ ವ್ಯವಸ್ಥೆ. ಅದರ ಮೊದಲ ಉಪಗ್ರಹ ಹಾರಿದ್ದು 1978ರಲ್ಲಿ, ಪೂರ್ತಿ ಕೆಲಸಕ್ಕೆ ಬಂದದ್ದು 1995ರಲ್ಲಿ. ಈಗ 30 ಆಸುಪಾಸು ಉಪಗ್ರಹಗಳು ಸುಮಾರು 20,200 ಕಿ.ಮೀ. ಎತ್ತರದಲ್ಲಿ ಸುತ್ತುತ್ತಿವೆ. ರಷ್ಯಾದ ಗ್ಲೊನಾಸ್, ಯುರೋಪಿನ ಗೆಲಿಲಿಯೊ, ಚೀನಾದ ಬೈಡೌ, ನಮ್ಮ ನಾವಿಕ್ ಇದೇ ಜಾತಿಯವು. ಇವತ್ತಿನ ಬಹಳಷ್ಟು ಫೋನುಗಳು ಒಂದಕ್ಕಿಂತ ಜಾಸ್ತಿ ವ್ಯವಸ್ಥೆಗಳನ್ನು ಒಟ್ಟಿಗೆ ಕೇಳುತ್ತವೆ.

ಪ್ರತಿ ಉಪಗ್ರಹವೂ ಹಗಲು ರಾತ್ರಿ ಹೇಳುವುದು ಮುಖ್ಯವಾಗಿ ಎರಡು ಮಾತು: "ನನ್ನ ಗಡಿಯಾರದಲ್ಲಿ ಈಗ ಇಷ್ಟು ಟೈಮ್. ನಾನು ಇಂಥ ಕಡೆ ಇದ್ದೇನೆ." ಉಳಿದ ಲೆಕ್ಕವೆಲ್ಲ ನಿಮ್ಮ ಕೈಯಲ್ಲಿರುವ ಸಾಧನದ್ದು.

ಟೈಮಿನಿಂದ ದೂರ

ಗೋಲ್ ಗುಂಬಜ್ ಮೇಲೆ ಹತ್ತಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಗ್ಯಾಲರಿಯಲ್ಲಿ ಒಂದು ಬದಿ ನಿಂತವರು ಕಾಗದ ಹರಿದರೆ ಎದುರು ಬದಿಯವರಿಗೆ ಕಿವಿ ಪಕ್ಕದಲ್ಲೇ ಹರಿದಂತೆ ಕೇಳುತ್ತದೆ. ಗುಮ್ಮಟದ ಒಳಗಿನ ಅಡ್ಡಳತೆ ಸುಮಾರು 38 ಮೀಟರ್. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಓಡುತ್ತದೆ. ನೇರವಾಗಿ ಆ ಬದಿ ಮುಟ್ಟಲು ಅದಕ್ಕೆ ಸೆಕೆಂಡಿನ ಒಂಬತ್ತನೇ ಒಂದು ಭಾಗ ಬೇಕು.

ಇದನ್ನೇ ತಿರುವಿ ನೋಡಿ. ಇಬ್ಬರ ಕೈಯಲ್ಲೂ ಒಂದೇ ಟೈಮಿಗೆ ಹೊಂದಿಸಿದ ಗಡಿಯಾರ ಇದೆ. ಸರಿಯಾಗಿ 11 ಗಂಟೆಗೆ ಅವನು ಚಪ್ಪಾಳೆ ತಟ್ಟಬೇಕು ಅಂತ ಮೊದಲೇ ಮಾತಾಗಿದೆ. ಆ ಚಪ್ಪಾಳೆ ನಿಮಗೆ ಎಷ್ಟು ತಡವಾಗಿ ಕೇಳಿತು ಅಂತ ಅಳೆದರೆ ಸಾಕು, ಟೇಪು ಹಿಡಿಯದೆ ನಡುವಿನ ದೂರ ಗೊತ್ತಾಗುತ್ತದೆ.

ಉಪಗ್ರಹದ ಸಿಗ್ನಲ್ ರೇಡಿಯೊ ಅಲೆ. ಅದು ಬೆಳಕಿನ ವೇಗದಲ್ಲಿ, ಅಂದರೆ ಸೆಕೆಂಡಿಗೆ ಸುಮಾರು 3 ಲಕ್ಷ ಕಿ.ಮೀ. ಓಡುತ್ತದೆ. ನೆತ್ತಿ ಮೇಲಿನ ಉಪಗ್ರಹದಿಂದ ನಮ್ಮನ್ನು ಮುಟ್ಟಲು ಸುಮಾರು 0.067 ಸೆಕೆಂಡ್ ಸಾಕು. ಇಷ್ಟು ವೇಗ ಇರುವುದರಿಂದಲೇ ಕಷ್ಟ. ಸೆಕೆಂಡಿನ ಸಾವಿರದ ಒಂದು ಭಾಗ ತಪ್ಪಿದರೆ 300 ಕಿ.ಮೀ. ತಪ್ಪುತ್ತದೆ, ವಿಜಯಪುರದಲ್ಲಿ ಇರುವವರು ಹೈದರಾಬಾದ್‌ನಲ್ಲಿ ಇದ್ದಂತೆ ಕಾಣುತ್ತಾರೆ. ಹತ್ತು ಲಕ್ಷದ ಒಂದು ಭಾಗ, ಅಂದರೆ ಒಂದು ಮೈಕ್ರೊಸೆಕೆಂಡ್ ತಪ್ಪಿದರೆ 300 ಮೀಟರ್. ನೂರು ಕೋಟಿಯ ಒಂದು ಭಾಗಕ್ಕೆ ನ್ಯಾನೊಸೆಕೆಂಡ್ ಅಂತ ಹೆಸರು. ಅಷ್ಟರಲ್ಲಿ ಬೆಳಕು 30 ಸೆಂಟಿಮೀಟರ್ ಹೋಗುತ್ತದೆ, ಮಕ್ಕಳ ಕಂಪಾಸ್ ಪೆಟ್ಟಿಗೆಗೆ ಹಿಡಿಯದ ದೊಡ್ಡ ಸ್ಕೇಲ್ ಇರುತ್ತದಲ್ಲ, ಅಷ್ಟು.

ದೂರದಿಂದ ಜಾಗ

ಈಗ ನೀವು ವಿಜಯಪುರದಿಂದ ನೇರ 50 ಕಿ.ಮೀ., ಬಾಗಲಕೋಟೆಯಿಂದ ನೇರ 40 ಕಿ.ಮೀ. ದೂರದಲ್ಲಿ ಇದ್ದೀರಿ ಅನ್ನಿ. ನಕ್ಷೆ ಮೇಲೆ ಎರಡೂ ಊರಿನ ಸುತ್ತ ವೃತ್ತ ಎಳೆದರೆ ಅವು ಎರಡು ಕಡೆ ಕತ್ತರಿಸುತ್ತವೆ, ಒಂದು ಜಮಖಂಡಿ ಬದಿಗೆ, ಇನ್ನೊಂದು ಬಸವನ ಬಾಗೇವಾಡಿ ಬದಿಗೆ. ನೀವು ಯಾವುದರಲ್ಲಿ ಇದ್ದೀರಿ? ಜಮಖಂಡಿಯಿಂದ ಎಷ್ಟು ದೂರ ಅಂತ ಹೇಳಿದರೆ ಉತ್ತರ ಸಿಕ್ಕಿತು. ಆಕಾಶದಲ್ಲಿ ವೃತ್ತದ ಬದಲು ದೊಡ್ಡ ದೊಡ್ಡ ಚೆಂಡುಗಳನ್ನು ಎಳೆಯುತ್ತಾರೆ, ಊರುಗಳ ಬದಲು ಸೆಕೆಂಡಿಗೆ ಸುಮಾರು 4 ಕಿ.ಮೀ. ಓಡುತ್ತಿರುವ ಉಪಗ್ರಹಗಳು. ಲೆಕ್ಕ ಇದೇ.

ನಾಲ್ಕನೆಯದು ಯಾಕೆ ಬೇಕು?

ಇಲ್ಲಿ ಒಂದು ತೊಡಕು ಇದೆ, ನನಗೆ ಈ ಇಡೀ ವಿಷಯದಲ್ಲಿ ಬಹಳ ಇಷ್ಟವಾದ ಭಾಗವೂ ಇದೇ. ಉಪಗ್ರಹದಲ್ಲಿರುವುದು ಪರಮಾಣು ಗಡಿಯಾರ. ನಿಮ್ಮ ಫೋನಿನಲ್ಲಿರುವುದು ಕ್ವಾರ್ಟ್ಜ್ ಹರಳು. ಗೋಡೆ ಗಡಿಯಾರದ ಹರಳು ತಿಂಗಳಿಗೆ 20 ಸೆಕೆಂಡ್ ಹಿಂದೆಮುಂದೆ ಆಗುತ್ತದೆ ಅಂದರೆ ನಮಗೆ ದೊಡ್ಡದೇನಲ್ಲ. ಆದರೆ ಅದೇ ದರದಲ್ಲಿ ಒಂದು ಸೆಕೆಂಡಿಗೆ ಸುಮಾರು 8 ಮೈಕ್ರೊಸೆಕೆಂಡ್ ತಪ್ಪು ಬಂತು, ಅಂದರೆ ಎರಡು ಕಿ.ಮೀ.ಗೂ ಜಾಸ್ತಿ ದೂರ. ಹಾಗಂತ ಎಲ್ಲರ ಜೇಬಿಗೂ ಪರಮಾಣು ಗಡಿಯಾರ ಹಾಕಲು ಆಗುವುದಿಲ್ಲ.

ವಿಜಯಪುರ ಬಸ್ ಸ್ಟ್ಯಾಂಡಿನಲ್ಲಿ ನಿಂತಿದ್ದೀರಿ ಅಂದುಕೊಳ್ಳಿ. ನಿಮ್ಮ ವಾಚಿನ ಪ್ರಕಾರ ಬಾಗಲಕೋಟೆ ಬಸ್ಸು ಐದು ನಿಮಿಷ ತಡ. ಕಲಬುರಗಿ ಬಸ್ಸೂ ಐದು ನಿಮಿಷ ತಡ. ಸೊಲ್ಲಾಪುರದ್ದು, ಬೆಳಗಾವಿಯದ್ದು ಕೂಡ ಸರಿಯಾಗಿ ಐದೇ ನಿಮಿಷ ತಡ. ಎಲ್ಲ ದಿಕ್ಕಿನಿಂದ ಬರುವ ಬಸ್ಸುಗಳೂ ಒಂದೇ ಅಳತೆಗೆ ತಡವಾಗುತ್ತಿವೆ ಅಂದರೆ ತಪ್ಪು ಬಸ್ಸುಗಳದ್ದಲ್ಲ, ನಿಮ್ಮ ವಾಚು ಐದು ನಿಮಿಷ ಮುಂದಿದೆ.

ಫೋನು ಮಾಡುವುದು ಇದನ್ನೇ. ಮೂರು ಉಪಗ್ರಹಗಳಿಂದ ಜಾಗ ಸಿಗುತ್ತದೆ, ಆದರೆ ಗಡಿಯಾರ ಸರಿ ಇದ್ದರೆ ಮಾತ್ರ. ನಾಲ್ಕನೆಯದನ್ನು ಸೇರಿಸಿದಾಗ ನಾಲ್ಕೂ ಚೆಂಡುಗಳು ಒಂದೇ ಬಿಂದುವಿನಲ್ಲಿ ಕೂಡಬೇಕಾದರೆ ತನ್ನ ಗಡಿಯಾರವನ್ನು ಎಷ್ಟು ಸರಿಸಬೇಕು ಅಂತ ಲೆಕ್ಕ ಹಾಕುತ್ತದೆ. ಜಾಗದ ಜೊತೆಗೆ ಟೈಮೂ ಬಂತು. ಕೆಲವು ನೂರು ರೂಪಾಯಿಯ ರಿಸೀವರ್ ಕೂಡ ಆ ಹೊತ್ತಿನಲ್ಲಿ ಪರಮಾಣು ಗಡಿಯಾರದ ಟೈಮನ್ನು ಹತ್ತಾರು ನ್ಯಾನೊಸೆಕೆಂಡಿನ ಒಳಗೆ ತಿಳಿದುಕೊಂಡಿರುತ್ತದೆ.

ಪರಮಾಣು ಗಡಿಯಾರ ಕೆಟ್ಟರೆ

ಕೈಗಡಿಯಾರದ ಹರಳು ಸೆಕೆಂಡಿಗೆ 32,768 ಬಾರಿ ಕಂಪಿಸುತ್ತದೆ. ಹರಳನ್ನು ಕತ್ತರಿಸಿದವರು ಮನುಷ್ಯರು, ಹಾಗಾಗಿ ಒಂದೊಂದಕ್ಕೂ ಸ್ವಲ್ಪ ವ್ಯತ್ಯಾಸ ಇರುತ್ತದೆ. ನಮ್ಮೂರಿನ ಮೇ ತಿಂಗಳ ಬಿಸಿಲಿಗೆ ಒಂದು ವೇಗ, ಡಿಸೆಂಬರ್ ಚಳಿಗೆ ಇನ್ನೊಂದು. ಪರಮಾಣು ಹಾಗಲ್ಲ. ಜಗತ್ತಿನ ಯಾವ ಮೂಲೆಯ ಸೀಸಿಯಂ ಪರಮಾಣು ಆದರೂ ಒಂದೇ ಲಯಕ್ಕೆ ಸ್ಪಂದಿಸುತ್ತದೆ. 1967ರಿಂದ ಒಂದು ಸೆಕೆಂಡ್ ಅಂದರೇನು ಎಂಬ ಲೆಕ್ಕವೇ ಅದರ ಮೇಲಿದೆ: 9,192,631,770 ಕಂಪನಗಳು.

ಐನ್‌ಸ್ಟೈನ್ ಹೇಳಿದ್ದು ಇಲ್ಲಿ ದಿನನಿತ್ಯದ ಕೆಲಸಕ್ಕೆ ಬರುತ್ತದೆ. ಮೇಲೆ ಗುರುತ್ವ ಕಡಿಮೆ ಇರುವುದರಿಂದ ಜಿಪಿಎಸ್ ಗಡಿಯಾರ ದಿನಕ್ಕೆ 45 ಮೈಕ್ರೊಸೆಕೆಂಡ್ ಮುಂದೆ ಓಡುತ್ತದೆ. ವೇಗವಾಗಿ ಸುತ್ತುವುದರಿಂದ 7 ಮೈಕ್ರೊಸೆಕೆಂಡ್ ಹಿಂದೆ ಬೀಳುತ್ತದೆ. ಒಟ್ಟು 38 ಮುಂದೆ. ದೂರದ ಲೆಕ್ಕದಲ್ಲಿ ಅದು ದಿನಕ್ಕೆ 11 ಕಿ.ಮೀ. ಆಯಿತು. ಅದಕ್ಕೇ ಹಾರಿಸುವ ಮೊದಲೇ ಆ ಗಡಿಯಾರವನ್ನು ಒಂದಿಷ್ಟು ನಿಧಾನಕ್ಕೆ ಹೊಂದಿಸಿ ಕಳಿಸುತ್ತಾರೆ.

ಇಡೀ ವ್ಯವಸ್ಥೆ ಗಡಿಯಾರದ ಮೇಲೆ ಎಷ್ಟು ನಿಂತಿದೆ ಅಂತ ನಮ್ಮ ನಾವಿಕ್ ನೋಡಿದರೆ ತಿಳಿಯುತ್ತದೆ. ಇಸ್ರೊ ಅದರ ಮೊದಲ ಉಪಗ್ರಹವನ್ನು 2013ರ ಜುಲೈನಲ್ಲಿ ಹಾರಿಸಿತು. ಆಮೇಲೆ ಅದರೊಳಗಿನ ಮೂರೂ ರುಬಿಡಿಯಂ ಪರಮಾಣು ಗಡಿಯಾರಗಳು ಕೆಟ್ಟವು. ಉಪಗ್ರಹ ಮೇಲೆ ಇದ್ದರೂ ದಾರಿ ತೋರಿಸುವ ಕೆಲಸಕ್ಕೆ ಬಾರದಂತಾಯಿತು. ಆ ಗಡಿಯಾರಗಳು ಹೊರದೇಶದವು. 2023ರ ಮೇ 29ರಂದು ಹಾರಿದ ನಾವಿಕ್‌ನ ಹೊಸ ಉಪಗ್ರಹ ಎನ್‌ವಿಎಸ್-01ರಲ್ಲಿ ಮೊದಲ ಸಲ ನಮ್ಮಲ್ಲೇ ಮಾಡಿದ ರುಬಿಡಿಯಂ ಗಡಿಯಾರ ಹೋಯಿತು. ನನಗೆ ಆ ದಿನ ರಾಕೆಟ್‌ಗಿಂತ ಆ ಗಡಿಯಾರದ್ದೇ ಜಾಸ್ತಿ ಖುಷಿ.

ಜಾತ್ರೆಯ ಗದ್ದಲದಲ್ಲಿ ಒಂದು ಹಲಗೆ

ಉಪಗ್ರಹದ ಟ್ರಾನ್ಸ್‌ಮಿಟರ್ ಹಳೆಯ ಕಾಲದ ಬಲ್ಬುಗಳಷ್ಟೇ, ಹತ್ತಾರು ವ್ಯಾಟ್ ಶಕ್ತಿಯದ್ದು. 20,000 ಕಿ.ಮೀ. ದಾಟಿ ನಮ್ಮ ಆಂಟೆನಾ ಮುಟ್ಟುವಾಗ ಉಳಿಯುವುದು, ಒಂದು ವ್ಯಾಟನ್ನು ಹತ್ತು ಸಾವಿರ ಲಕ್ಷ ಕೋಟಿ ಪಾಲು ಮಾಡಿದರೆ ಅದರಲ್ಲಿ ಒಂದು ಪಾಲಿನಷ್ಟು. ಸುತ್ತಲಿನ ರೇಡಿಯೊ ಗದ್ದಲವೇ ಅದಕ್ಕಿಂತ ಜೋರು. ಮತ್ತೆ ಹೇಗೆ ಕೇಳುತ್ತದೆ?

ಸಂಕ್ರಾಂತಿಗೆ ಸಿದ್ಧೇಶ್ವರ ಜಾತ್ರೆಯಲ್ಲಿ ನಿಂತಿದ್ದೀರಿ. ಜನ, ಪೀಪಿ, ಮೈಕು. ದೂರದಲ್ಲಿ ಯಾರೋ ಹಲಗೆ ಬಾರಿಸುತ್ತಿದ್ದಾರೆ. ಬರೀ ಶಬ್ದವಾಗಿ ಅದು ಕೇಳುವುದಿಲ್ಲ. ಆದರೆ ಆ ಪೆಟ್ಟಿನ ಲಯ ನಿಮಗೆ ಬಾಯಿಪಾಠ ಇದ್ದರೆ, ಮನಸ್ಸಿನಲ್ಲೇ ತಾಳ ಹಾಕುತ್ತ ಹೋದರೆ, ಒಂದು ಹೊತ್ತಿಗೆ ಹೊಂದಿಕೊಂಡುಬಿಡುತ್ತದೆ. ಪ್ರತಿ ಜಿಪಿಎಸ್ ಉಪಗ್ರಹಕ್ಕೂ 1,023 ಪೆಟ್ಟುಗಳ ತನ್ನದೇ ಲಯ ಇದೆ, ಸೆಕೆಂಡಿನ ಸಾವಿರದ ಒಂದು ಭಾಗದಲ್ಲಿ ಅದು ಒಂದು ಸುತ್ತು ಮುಗಿಯುತ್ತದೆ. ರಿಸೀವರಿಗೆ ಎಲ್ಲ ಲಯಗಳೂ ಮೊದಲೇ ಗೊತ್ತು. ಹಿಂದೆಮುಂದೆ ಜಾರಿಸಿ ಜಾರಿಸಿ ಹೊಂದಿಸುತ್ತದೆ. ಎಷ್ಟು ಜಾರಿಸಬೇಕಾಯಿತು ಅನ್ನುವುದರಿಂದಲೇ ಸಿಗ್ನಲ್ ಎಷ್ಟು ತಡವಾಯಿತು ಅಂತ ಗೊತ್ತಾಗುವುದು.

ಇಷ್ಟು ನಿಶ್ಶಕ್ತ ಸಿಗ್ನಲ್ ಆದ್ದರಿಂದ ಅದನ್ನು ಮುಚ್ಚಿಹಾಕುವುದೂ ಸುಲಭ. ಇನ್ನೊಂದು ಬಗೆಯ ಕಾಟ ಎಂದರೆ ಅದೇ ಲಯವನ್ನು ನಕಲು ಮಾಡಿ ಸುಳ್ಳು ಟೈಮ್ ಹೇಳುವುದು, ಅದಕ್ಕೆ ಸ್ಪೂಫಿಂಗ್ ಅಂತಾರೆ. 2025ರ ನವೆಂಬರ್‌ನಲ್ಲಿ ದೆಹಲಿ ವಿಮಾನ ನಿಲ್ದಾಣದ ಸುತ್ತ ಸುದ್ದಿಯಾದದ್ದು ಇದೇ.

ಮಾಳಿಗೆ ಮೇಲಿನ ಗಡಿಯಾರ

ಈಗ ನನ್ನ ಹವ್ಯಾಸಕ್ಕೆ ಬರುತ್ತೇನೆ. ದಾರಿ ಹುಡುಕುವವರಿಗೆ ಜಾಗವೂ ಗೊತ್ತಿಲ್ಲ, ಟೈಮೂ ಗೊತ್ತಿಲ್ಲ. ನನ್ನ ಆಂಟೆನಾ ಮಾತ್ರ ನೀರಿನ ಟ್ಯಾಂಕಿನ ಪಕ್ಕದ ಪೈಪಿಗೆ ಕಟ್ಟಿಬಿಟ್ಟಿದೆ, ಎಲ್ಲಿಗೂ ಹೋಗುವುದಿಲ್ಲ. ಒಂದು ಇಡೀ ದಿನ ಅಳತೆ ಮಾಡಿ ಸರಾಸರಿ ತೆಗೆದು "ನೀನು ಇಲ್ಲಿಯೇ ಇದ್ದೀಯ" ಅಂತ ರಿಸೀವರಿಗೆ ಹೇಳಿದರೆ ಅದಕ್ಕೆ ಹುಡುಕಬೇಕಾದದ್ದು ಟೈಮ್ ಒಂದೇ. ಆಗ ಪ್ರತಿ ಉಪಗ್ರಹವೂ ಆ ಒಂದೇ ಪ್ರಶ್ನೆಗೆ ಉತ್ತರ ಕೊಡುತ್ತದೆ. ಟೈಮಿಂಗ್ ರಿಸೀವರ್ ಅಂತ ಮಾರುವುದು ಇಂಥವನ್ನೇ.

ಇವುಗಳಿಂದ ಒಂದು ತಂತಿ ಹೊರಗೆ ಬರುತ್ತದೆ, ಪಿಪಿಎಸ್ ಅಂತಾರೆ. ಪ್ರತಿ ಸೆಕೆಂಡ್ ಶುರುವಾಗುವ ಆ ಕ್ಷಣಕ್ಕೆ ಅದರಲ್ಲಿ ಒಂದು ಮಿಡಿತ. ನನ್ನ ಬೋರ್ಡಿನಲ್ಲಿ ಅದಕ್ಕೆ ಒಂದು ಸಣ್ಣ ಹಸಿರು ದೀಪ ಇದೆ. ರಾತ್ರಿ ಕೋಣೆಯ ದೀಪ ಆರಿಸಿದ ಮೇಲೂ ಅದು ಟಕ್, ಟಕ್ ಅಂತ ಮಿನುಗುತ್ತಿರುತ್ತದೆ. ಬೆಳಗಾವಿಯಲ್ಲಿ, ಟೋಕಿಯೊದಲ್ಲಿ, ಎಲ್ಲೇ ಇಂಥ ದೀಪ ಇದ್ದರೂ ಅದೇ ಕ್ಷಣಕ್ಕೆ ಮಿನುಗುತ್ತದೆ.

ಆ ಮಿಡಿತವೂ ಸ್ವಲ್ಪ ನಡುಗುತ್ತದೆ. ರಿಸೀವರ್ ತನ್ನೊಳಗಿನ ಹರಳಿನ ಪೆಟ್ಟು ಬಿದ್ದಾಗ ಮಾತ್ರ ಮಿಡಿತ ಕೊಡಬಲ್ಲದು, ಎರಡು ಪೆಟ್ಟಿನ ನಡುವೆ ಕೊಡಲು ಬರುವುದಿಲ್ಲ. ಕಿರಾಣಿ ಅಂಗಡಿಯವರು ಚಿಲ್ಲರೆ ಇಲ್ಲ ಅಂತ ಪೈಸೆ ಬಿಟ್ಟು ರೂಪಾಯಿಗೆ ಸರಿಮಾಡಿದ ಹಾಗೆ. ಒಳ್ಳೆಯ ಟೈಮಿಂಗ್ ರಿಸೀವರ್ ಆ ಬಿಟ್ಟ ಪೈಸೆಯ ಲೆಕ್ಕವನ್ನೂ ಬರೆದು ಕಳಿಸುತ್ತದೆ, ನಾವು ಆಮೇಲೆ ಸೇರಿಸಿಕೊಳ್ಳಬಹುದು.

ಹಾಗಾಗಿ ಹವ್ಯಾಸಿಗಳು ಎರಡು ಗಡಿಯಾರಗಳನ್ನು ಜೋಡಿಸುತ್ತಾರೆ. ಒಂದು ಈ ಮಿಡಿತ. ಇನ್ನೊಂದು ಸಣ್ಣ ಒಲೆಯೊಳಗೆ ಕೂರಿಸಿದ ಹರಳು. ಹೊರಗಿನ ಬಿಸಿ, ಚಳಿ ತಟ್ಟದಿರಲಿ ಅಂತ ಅದನ್ನು ಸದಾ ಒಂದೇ ಬಿಸಿಯಲ್ಲಿ ಇಟ್ಟಿರುತ್ತಾರೆ. ಕೂರಿಗೆ ಹೊಡೆಯುವಾಗ ನೋಡಿ. ಪಳಗಿದ ಎತ್ತು ತನ್ನಷ್ಟಕ್ಕೆ ನೇರ ನಡೆಯುತ್ತದೆ, ಆದರೆ ಸಾಲಿನ ಕೊನೆಗೆ ಹೋಗುವಷ್ಟರಲ್ಲಿ ಸ್ವಲ್ಪ ವಾಲಿರುತ್ತದೆ. ಹಿಂದಿರುವವರು ಹೆಜ್ಜೆ ಹೆಜ್ಜೆಗೂ ಹಗ್ಗ ಜಗ್ಗಿದರೆ ಸಾಲು ಹಾವಿನಂತಾಗುತ್ತದೆ. ಆಗಾಗ ಮೆಲ್ಲಗೆ ಜಗ್ಗಿದರೆ ನೇರ ಬರುತ್ತದೆ. ಒಲೆಯ ಹರಳು ಆ ಎತ್ತು, ಜಿಪಿಎಸ್ ಮಿಡಿತ ಆ ಹಗ್ಗ. ಈ ಜೋಡಿಗೆ ಜಿಪಿಎಸ್‌ಡಿಒ ಅಂತ ಹೆಸರು.

ಮೊಬೈಲ್ ಟವರ್‌ಗಳಿಂದ ಬಿಚ್ಚಿದ ಹಳೆಯ ಜಿಪಿಎಸ್‌ಡಿಒಗಳು ಸೆಕೆಂಡ್ ಹ್ಯಾಂಡ್ ಸಿಗುತ್ತವೆ. ನಾನು ಮೊದಲು ತಂದದ್ದು ಅಂಥದ್ದೇ. ಹಚ್ಚಿದರೆ ಸೆಕೆಂಡ್ ಸರಿ ಇದೆ, ತಾರೀಖು ಮಾತ್ರ ಹತ್ತೊಂಬತ್ತೂವರೆ ವರ್ಷ ಹಿಂದಿನದು! ಕೆಟ್ಟಿದೆ ಅಂದುಕೊಂಡು ಎರಡು ದಿನ ಬೇಜಾರಿನಲ್ಲಿದ್ದೆ. ಆಮೇಲೆ ತಿಳಿಯಿತು. ಹಳೆಯ ಜಿಪಿಎಸ್ ಸಂದೇಶ ವಾರಗಳನ್ನು 0ಯಿಂದ 1,023ರವರೆಗೆ ಮಾತ್ರ ಎಣಿಸುತ್ತದೆ, ಆಮೇಲೆ ಮತ್ತೆ ಸೊನ್ನೆ. ಎಣಿಕೆ ಶುರುವಾದದ್ದು 1980ರ ಜನವರಿ 6ರಿಂದ. 1999ರ ಆಗಸ್ಟ್‌ನಲ್ಲಿ, 2019ರ ಏಪ್ರಿಲ್‌ನಲ್ಲಿ ಹೀಗೆ ಸುತ್ತು ಮುಗಿಯಿತು, ಮುಂದಿನದು 2038ರ ನವೆಂಬರ್‌ನಲ್ಲಿ. ಇದು ಎಷ್ಟನೇ ಸುತ್ತು ಅಂತ ನನ್ನ ಹಳೆಯ ಪೆಟ್ಟಿಗೆಗೆ ಗೊತ್ತಿರಲಿಲ್ಲ. ಕಂಪ್ಯೂಟರಿನಲ್ಲಿ 1,024 ವಾರ ಕೂಡಿಸಿದೆ, ಸರಿಹೋಯಿತು.

ಜಿಪಿಎಸ್ ಟೈಮೂ ನಮ್ಮ ಟೈಮೂ ಪೂರ್ತಿ ಒಂದೇ ಅಲ್ಲ. ಭೂಮಿ ತಿರುಗುವುದಕ್ಕೆ ಹೊಂದಿಸಲು ಲೋಕದ ಗಡಿಯಾರಕ್ಕೆ ಆಗಾಗ ಒಂದು ಅಧಿಕ ಸೆಕೆಂಡ್ ಸೇರಿಸುತ್ತ ಬಂದಿದ್ದಾರೆ, ಜಿಪಿಎಸ್ ಅದನ್ನು ಸೇರಿಸಿಕೊಳ್ಳುವುದಿಲ್ಲ. 2017ರ ಜನವರಿ 1ರಿಂದ ಅದು 18 ಸೆಕೆಂಡ್ ಮುಂದಿದೆ. ಈ ವ್ಯತ್ಯಾಸವನ್ನು ಉಪಗ್ರಹವೇ ಹೇಳುತ್ತದೆ, ಆದರೆ ಪೂರ್ತಿ ಸಂದೇಶ ಬರಲು 12.5 ನಿಮಿಷ. ಹೊಸದಾಗಿ ಹಚ್ಚಿದ ರಿಸೀವರ್ ಮೊದಲು ತಪ್ಪು ಸೆಕೆಂಡ್ ತೋರಿಸಿ ಆಮೇಲೆ ತಟ್ಟನೆ ಹಾರಿದರೆ ಹೆದರಬೇಡಿ.

ಇದಕ್ಕಿಂತ ದೊಡ್ಡ ವ್ಯತ್ಯಾಸ ನಮ್ಮ ನೆತ್ತಿ ಮೇಲೇ ಇದೆ. ಭಾರತದ ಟೈಮ್ 82.5 ಡಿಗ್ರಿ ಪೂರ್ವ ರೇಖಾಂಶದ್ದು. ವಿಜಯಪುರ ಅದಕ್ಕಿಂತ ಪಶ್ಚಿಮಕ್ಕಿದೆ. ಸರಾಸರಿ ಲೆಕ್ಕದಲ್ಲಿ ಸೂರ್ಯ ನಮಗೆ ನಡು ಆಕಾಶಕ್ಕೆ ಬರುವಾಗ ಗಡಿಯಾರದಲ್ಲಿ 12 ಗಂಟೆ 27 ನಿಮಿಷ.

ನೀವೂ ಮಾಡಬೇಕು ಅಂದರೆ ಐನೂರು ರೂಪಾಯಿ ಆಸುಪಾಸಿನ ರಿಸೀವರ್ ಬೋರ್ಡು, ಒಂದು ರಾಸ್ಪ್‌ಬೆರಿ ಪೈ ಎಂಬ ಅಂಗೈಯಗಲದ ಕಂಪ್ಯೂಟರ್ ಇದ್ದರೆ ಸಾಕು. ಪಿಪಿಎಸ್ ತಂತಿ ಹೊರಗೆ ತೆಗೆದಿರುವ ಬೋರ್ಡನ್ನೇ ಕೊಳ್ಳಿ. ಬರೀ ಯುಎಸ್‌ಬಿಯಿಂದ ಟೈಮ್ ತೆಗೆದುಕೊಂಡರೆ ದಾರಿಯಲ್ಲೇ ಮಿಲಿಸೆಕೆಂಡುಗಳು ಹೋಗಿಬಿಡುತ್ತವೆ. ಆಂಟೆನಾಕ್ಕೆ ಎಲ್ಲ ಕಡೆಯ ಆಕಾಶ ಕಾಣಬೇಕು. ನಾನು ಮೊದಲು ಪತ್ರಾಸಿನ ಶೆಡ್ಡಿನ ಗೋಡೆಗೆ ಕಟ್ಟಿದ್ದೆ, ಸಿಗ್ನಲ್ ಪತ್ರಾಸಿಗೆ ಬಡಿದು ಸುತ್ತಿ ಬಂದು ಟೈಮನ್ನು ಕೆಡಿಸುತ್ತಿತ್ತು. ಕೇಬಲ್ ಕೂಡ ಟೈಮ್ ತಿನ್ನುತ್ತದೆ, ಮೀಟರಿಗೆ 4ರಿಂದ 5 ನ್ಯಾನೊಸೆಕೆಂಡ್. 20 ಮೀಟರ್ ಎಳೆದಿದ್ದರೆ 80ರಿಂದ 100 ನ್ಯಾನೊಸೆಕೆಂಡನ್ನು ಲೆಕ್ಕದಲ್ಲಿ ಕಳೆಯಬೇಕು.

ಈ ಹವ್ಯಾಸ ಎಲ್ಲಿಯವರೆಗೆ ಹೋಗಬಹುದು ಅಂದರೆ, 2005ರಲ್ಲಿ ಅಮೆರಿಕದ ಹವ್ಯಾಸಿ ಟಾಮ್ ವ್ಯಾನ್ ಬಾಕ್ ಮೂರು ಸೀಸಿಯಂ ಗಡಿಯಾರಗಳನ್ನೂ ತಮ್ಮ ಮೂವರು ಮಕ್ಕಳನ್ನೂ ವ್ಯಾನಿನಲ್ಲಿ ಕೂರಿಸಿಕೊಂಡು ರೇನಿಯರ್ ಬೆಟ್ಟಕ್ಕೆ ಹೋದರು. ಎರಡು ದಿನ ಮೇಲಿದ್ದು ಬಂದು ಮನೆಯ ಗಡಿಯಾರಗಳ ಜೊತೆ ಹೋಲಿಸಿದರೆ ಸುಮಾರು 22 ನ್ಯಾನೊಸೆಕೆಂಡ್ ಮುಂದಿದ್ದವು. ಎತ್ತರದಲ್ಲಿ ಕಾಲ ಬೇಗ ಓಡುತ್ತದೆ ಎಂಬುದನ್ನು ಒಂದು ಮನೆಯವರು ರಜೆಯಲ್ಲಿ ಅಳೆದು ತೋರಿಸಿದರು.

ಇಷ್ಟು ಸೂಕ್ಷ್ಮ ಟೈಮ್ ಯಾರಿಗೆ ಬೇಕು?

ಮೊಬೈಲ್ ಟವರ್‌ಗಳಿಗೆ ಬೇಕು. ಅಕ್ಕಪಕ್ಕದ ಟವರ್‌ಗಳು ಒಂದೇ ಅಲೆಯಲ್ಲಿ ಪಾಳಿ ಪ್ರಕಾರ ಮಾತಾಡಿ ಕೇಳಬೇಕಾದರೆ ಅವುಗಳ ಗಡಿಯಾರ ಮೈಕ್ರೊಸೆಕೆಂಡ್ ಲೆಕ್ಕದಲ್ಲಿ ಹೊಂದಿರಬೇಕು. ವಿದ್ಯುತ್ ಜಾಲಕ್ಕೂ ಬೇಕು. ನಮ್ಮ ಜಿಲ್ಲೆಯ ಕೂಡಗಿ ವಿದ್ಯುತ್ ಸ್ಥಾವರದಲ್ಲಿ ಹುಟ್ಟುವ ಕರೆಂಟು ದೇಶದ ಉಳಿದ ಕರೆಂಟಿನ ಜೊತೆ ಒಂದೇ ಲಯದಲ್ಲಿ ಸೆಕೆಂಡಿಗೆ 50 ಬಾರಿ ಏರಿಳಿಯುತ್ತದೆ. ಈ ಲಯ ಎಲ್ಲಿ ತಪ್ಪುತ್ತಿದೆ ಅಂತ ನೋಡಲು ಜಾಲದ ಉದ್ದಕ್ಕೂ ಅಳೆಯುವ ಸಾಧನಗಳಿವೆ, ಅವು ಜಿಪಿಎಸ್ ಟೈಮಿಗೆ ಹೊಂದಿಕೊಂಡಿರುತ್ತವೆ.

ಮತ್ತೆ ಬದುವಿಗೆ

ನಿಮ್ಮ ಫೋನು ಬಯಲಿನಲ್ಲಿ ಕೆಲವು ಮೀಟರ್ ತಪ್ಪುತ್ತದೆ. ಫೋನಿನ ಮ್ಯಾಪ್ ಹಿಡಿದು ಬದುವಿನ ಜಗಳ ಬಗೆಹರಿಯುವುದಿಲ್ಲ. ರೋವರ್ ಒಂದೆರಡು ಸೆಂಟಿಮೀಟರಿಗೆ ಇಳಿಯುವುದು ಎರಡು ಉಪಾಯದಿಂದ.

ಮೊದಲನೆಯದು ಜೊತೆಗಾರ. ಸಿಗ್ನಲ್ ಭೂಮಿಗೆ ಬರುವಾಗ ಮೇಲಿನ ವಿದ್ಯುತ್ ಕಣಗಳ ಪದರದಲ್ಲಿ ಸ್ವಲ್ಪ ನಿಧಾನವಾಗುತ್ತದೆ. ಭೂಮಧ್ಯರೇಖೆಗೆ ಹತ್ತಿರ ಇರುವ ನಮ್ಮ ಭಾಗದಲ್ಲಿ ಈ ಕಾಟ ಜಾಸ್ತಿ, ಅದರಲ್ಲೂ ಮಾರ್ಚ್ ಮತ್ತು ಸೆಪ್ಟೆಂಬರ್ ಸುಮಾರಿಗೆ ಹೊತ್ತು ಮುಳುಗಿದ ಮೇಲೆ. ಜಾಗ ಮೊದಲೇ ಗೊತ್ತಿರುವ ಕಡೆ ಇನ್ನೊಂದು ರಿಸೀವರ್ ಇಟ್ಟರೆ ಅದು "ಈಗ ಇಷ್ಟು ತಪ್ಪು ಬರುತ್ತಿದೆ" ಅಂತ ರೋವರಿಗೆ ತಿಳಿಸುತ್ತದೆ. ಸರ್ವೆ ಆಫ್ ಇಂಡಿಯಾ ಇದಕ್ಕಾಗಿಯೇ ಕಾಯಂ ಕೇಂದ್ರಗಳನ್ನು ಹಾಕಿದೆ, ತಿದ್ದುಪಡಿ ಮೊಬೈಲ್ ನೆಟ್‌ನಲ್ಲೇ ಬರುತ್ತದೆ. ಎರಡು ಬೇರೆ ಅಲೆಗಳನ್ನು ಕೇಳುವುದೂ ಸಹಾಯ ಮಾಡುತ್ತದೆ. ಒಂದೇ ಕೆಸರು ದಾರಿಯಲ್ಲಿ ಬೈಕೂ ಕಬ್ಬು ತುಂಬಿದ ಟ್ರ್ಯಾಕ್ಟರೂ ಒಟ್ಟಿಗೆ ಹೊರಟರೆ, ಎರಡರ ನಡುವಿನ ಅಂತರ ನೋಡಿ ಕೆಸರು ಎಷ್ಟಿತ್ತು ಅಂತ ಹೇಳಬಹುದಲ್ವಾ, ಹಾಗೆ.

ಎರಡನೆಯದು, ಲಯದ ಜೊತೆಗೆ ಅಲೆಯನ್ನೇ ಅಳೆಯುವುದು. ಜಿಪಿಎಸ್‌ನ ಮುಖ್ಯ ಅಲೆಯ ಉದ್ದ 19 ಸೆಂಟಿಮೀಟರ್. ಅಲೆಯ ಯಾವ ಭಾಗ ಈಗ ಕೋಲಿನ ತುದಿ ಮುಟ್ಟಿದೆ ಅಂತ ರೋವರ್ ಮಿಲಿಮೀಟರ್ ಲೆಕ್ಕದಲ್ಲಿ ಹೇಳಬಲ್ಲದು. ಆದರೆ ನಡುವೆ ಇಡೀ ಅಲೆಗಳು ಎಷ್ಟು ಕೋಟಿ ಇವೆ ಅಂತ ತಕ್ಷಣ ಗೊತ್ತಾಗುವುದಿಲ್ಲ. ಗಂಟೆ ಮುಳ್ಳು ಮುರಿದ ಗಡಿಯಾರ ಇದ್ದಂತೆ. ನಿಮಿಷ ಸರಿಯಾಗಿ ಹೇಳುತ್ತದೆ, ಯಾವ ಗಂಟೆ ಅಂತ ಹೇಳುವುದಿಲ್ಲ. ಆ ಎಣಿಕೆ ಇನ್ನೂ ಕೂಡದಿದ್ದರೆ ಪರದೆ ಮೇಲೆ ಫ್ಲೋಟ್ ಅಂತ ಇರುತ್ತದೆ, ಆಗ ಅಳತೆ ಒಂದೆರಡು ಅಡಿ ಆಚೀಚೆ ಹೋಗಬಹುದು. ಎಣಿಕೆ ಕೂಡಿದರೆ ಫಿಕ್ಸ್. ನಿಮ್ಮ ಹೊಲಕ್ಕೆ ರೋವರ್ ಬಂದಾಗ ಇದೊಂದನ್ನು ನೋಡಿಕೊಳ್ಳಿ.

ಇದನ್ನೆಲ್ಲ ಕಾಕಾಗೆ ಹೇಳುವಷ್ಟರಲ್ಲಿ ಕೊನೆಯ ಮೂಲೆ ಬಂತು. ಅಲ್ಲಿ ದೊಡ್ಡ ಬೇವಿನಮರ ಇದೆ, ಅರ್ಧ ಆಕಾಶ ಅದರ ಹಿಂದೆ. ಪರದೆ ಮೇಲೆ ಫ್ಲೋಟ್. ಸರ್ವೆಯವರು ಕೋಲು ಹಿಡಿದು ನಿಂತೇ ನಿಂತರು, ನಾಲ್ಕು ಹೆಜ್ಜೆ ಬಯಲಿಗೆ ಹೋಗಿ ಮತ್ತೆ ಬಂದರು. ಕಾಕಾ ಅವರ ಹೆಗಲ ಮೇಲಿಂದ ಪರದೆ ನೋಡುತ್ತಿದ್ದರು. ಸ್ವಲ್ಪ ಹೊತ್ತಿಗೆ ಅಕ್ಷರ ಬದಲಾಗಿ ಹಸಿರಾಯಿತು.

"ಗಂಟಿ ಮುಳ್ಳು ಸಿಕ್ತೇನ್ರೀ?" ಅಂದರು ಕಾಕಾ.

ಸರ್ವೆಯವರಿಗೆ ಅದು ಅರ್ಥವಾಗಲಿಲ್ಲ. ಫಿಕ್ಸ್ ಬಂತು ಯಜಮಾನ್ರ, ಅಂತ ಬಟನ್ ಒತ್ತಿ ಕೋಲು ಕಿತ್ತರು. ಕೋಲು ಊರಿದ್ದ ತೂತಿನಲ್ಲಿ ಕಾಕಾ ಒಂದು ಗೂಟ ಹೊಡೆದರು.